ಬಿಟ್ಟುಹೋದ ಒಂದಕ್ಷರ

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದ ಮರುದಿನ, ಕನ್ನಡ ಪತ್ರಿಕೆಯೊಂದರಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗದ ಹುಡುಗಿಯೊಬ್ಬಳು ನನಗೆ ಫೋನ್ ಮಾಡಿದಳು. ಯಾರೋ ನನ್ನ ನಂಬರ್ ಕೊಟ್ಟಿದ್ದರಂತೆ. "ಸಾರ್, ನೀವು ಶಿವಾಜಿನಗರ, ಹಲಸೂರು ಕಡೆ ತುಂಬ ವರ್ಷ ವರದಿ ಮಾಡಿದೋರು. ಬೆಂಗಳೂರಲ್ಲಿ ಉರ್ದು ಮನೆಮಾತಿನ ಸಾಹಿತಿಗಳ ಬಗ್ಗೆ ಸ್ವಲ್ಪ ಹೇಳ್ತೀರಾ?" ಎಂದಳು. ನಾನು ಉತ್ಸಾಹದಿಂದ ನಿಸಾರ್ ಅಹಮದ್ ಅವರಿಂದ ಶುರು ಮಾಡಿದೆ. ಬಾನು ಅವರು ಲಂಕೇಶ್ ಪತ್ರಿಕೆಗೆ ವರದಿ ಮಾಡುತ್ತಿದ್ದ ದಿನಗಳನ್ನೂ ಸೇರಿಸಿದೆ. ಆಕೆ ತಾಳ್ಮೆಯಿಂದ ಎಲ್ಲ ಬರೆದುಕೊಂಡು, "ಇವರೆಲ್ಲ ಕನ್ನಡದಲ್ಲಿ ಬರೆದೋರು ಸಾರ್. ಉರ್ದುವಿನಲ್ಲೇ ಬರೆದ ಬೆಂಗಳೂರಿನೋರು ಯಾರು?" ಎಂದು ಕೇಳಿದಳು.

ನನ್ನ ಬಾಯಿಂದ ಒಂದು ಹೆಸರೂ ಬರಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದಂಡು ಪ್ರದೇಶದಲ್ಲೇ ಸುತ್ತಿ, ಅಲ್ಲಿಯ ಸುದ್ದಿ ಬರೆದು ಸಂಸಾರ ಸಾಕಿದವನು ನಾನು. ರಸೆಲ್ ಮಾರುಕಟ್ಟೆಯ ಯಾವ ಮಳಿಗೆಯಲ್ಲಿ ಯಾವ ಹಣ್ಣು ಅಗ್ಗ ಎಂದು ಗೊತ್ತಿತ್ತು. ಸಂತ ಮೇರಿ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಕಾವಿಬಟ್ಟೆ ಉಟ್ಟು ಬರುವವರು ಯಾವ ಊರುಗಳಿಂದ ನಡೆದು ಬರುತ್ತಾರೆ ಎಂದು ಗೊತ್ತಿತ್ತು. ಆದರೆ ಆ ಬೀದಿಗಳ ಭಾಷೆಯಲ್ಲಿ ಬರೆಯುತ್ತಿದ್ದ ಒಬ್ಬ ಲೇಖಕನ ಹೆಸರು ಗೊತ್ತಿರಲಿಲ್ಲ. "ಯೋಚನೆ ಮಾಡಿ ಹೇಳ್ತೀನಮ್ಮ" ಎಂದೆ. ಆಕೆ ಮತ್ತೆ ಫೋನ್ ಮಾಡಲಿಲ್ಲ.

ಆ ರಾತ್ರಿ ನಿದ್ದೆ ಬಾರದೆ ಎದ್ದು ಕಬ್ಬಿಣದ ಟ್ರಂಕು ತೆಗೆದೆ. ಹಲಸೂರಿನ ಜೋಗುಪಾಳ್ಯದ ಹಳೇ ಮನೆ ಬಿಟ್ಟು ಕೆ.ಆರ್. ಪುರಕ್ಕೆ ಬಂದಾಗ ಹಾಗೇ ಹೊತ್ತು ತಂದು ಮಂಚದ ಕೆಳಗೆ ತಳ್ಳಿದ್ದ ಟ್ರಂಕು ಅದು. ಅದರ ತಳದಲ್ಲಿ ಒಂದು ಉರ್ದು ಪತ್ರಿಕೆಯ ಸಂಚಿಕೆ ಇದೆ ಎಂಬುದು ಹೇಗೋ ನೆನಪಿತ್ತು. ಪುಸ್ತಕದಷ್ಟು ದಪ್ಪ. ಅದನ್ನು ಕೊಟ್ಟವರ ಮುಖವೂ ನೆನಪಾಯಿತು.

ಅವರೊಬ್ಬ ಕಾತಿಬ್. ಈಗಿನವರಿಗೆ ಈ ಕೆಲಸವೇ ಗೊತ್ತಿರಲಾರದು. ಉರ್ದು ಪತ್ರಿಕೆಗಳನ್ನು ಬಹಳ ಕಾಲ ಮೊಳೆ ಜೋಡಿಸಿ ಅಚ್ಚು ಹಾಕುತ್ತಿರಲಿಲ್ಲ, ಇಡೀ ಪತ್ರಿಕೆಯನ್ನು ಕೈಯಲ್ಲಿ ಬರೆಯುತ್ತಿದ್ದರು. ನಸ್ತಾಲೀಕ್ ಲಿಪಿಯ ಅಕ್ಷರಗಳು ಒಂದರ ಹೆಗಲ ಮೇಲೆ ಒಂದು ಒರಗಿಕೊಂಡು ಇಳಿಜಾರಿನಲ್ಲಿ ಸಾಗುತ್ತವೆ, ಸೀಸದ ಮೊಳೆಗಳಿಗೆ ಅದು ಒಗ್ಗುತ್ತಿರಲಿಲ್ಲ. ಕಾತಿಬರು ನೆಲದ ಮೇಲೆ ಕೂತು, ಒಂದು ಮೊಣಕಾಲನ್ನು ಮೇಲೆ ಮಾಡಿ, ಅದರ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದರು. ಅವರು ಬರೆದದ್ದೇ ಮರುದಿನ ಬೆಳಗ್ಗೆ ಪತ್ರಿಕೆಯಾಗಿ ಮನೆಮನೆಗೆ ಹೋಗುತ್ತಿತ್ತು. 1990ರ ದಶಕದ ನಡುವೆ ಇನ್‌ಪೇಜ್ ಎಂಬ ತಂತ್ರಾಂಶ ಬಂತು, ಕಾತಿಬರ ಕೆಲಸ ಹೋಯಿತು. ನಮ್ಮ ಕಡೆ ಅಚ್ಚುಮೊಳೆ ಜೋಡಿಸುತ್ತಿದ್ದವರಿಗೆ ಆಗಿದ್ದೂ ಅದೇ. ಕಾತಿಬರನ್ನು ನಾನು ಚಾಚಾ ಎನ್ನುತ್ತಿದ್ದೆ. ಮಾರುಕಟ್ಟೆಯ ಹಿಂದಿನ ಒಂದು ಚಹಾದಂಗಡಿಗೆ ಸಂಜೆ ಅವರು ಬರುತ್ತಿದ್ದರು, ಕೆಲಸಕ್ಕೆ ಹೋಗುವ ಮೊದಲು ನಾನೂ ಅಲ್ಲಿ ಕೂರುತ್ತಿದ್ದೆ. ನನಗೆ ಪೊಲೀಸ್ ಠಾಣೆಯ ಸುದ್ದಿ ಬೇಕಿತ್ತು, ಅವರಿಗೆ ಮಾತಾಡುವವರು ಬೇಕಿತ್ತು. ಅವರ ಬೆರಳಿನ ಗೆಣ್ಣುಗಳು ಮಸಿ ಕುಡಿದು ಕಪ್ಪಾಗಿದ್ದವು.

ಅವರು ಆ ಸಂಚಿಕೆಯನ್ನು ಕೊಟ್ಟದ್ದು 1994ರ ಕೊನೆಯಲ್ಲಿ. "ತಗೊಳ್ಳಿ ಸಾರ್. ನಿಮ್ಗೆ ಓದಕ್ಕೆ ಬರಲ್ಲ, ಗೊತ್ತು. ಇಟ್ಕೊಳ್ಳಿ. ಇದು ನಮ್ಮ ಬೆಂಗಳೂರಿಂದೇ ಬರೋದು. ಲಾಹೋರಲ್ಲಿ, ಕರಾಚಿಯಲ್ಲಿ ಕಾದು ಓದ್ತಾರೆ," ಎಂದರು. ನಾನು ಸೌಜನ್ಯಕ್ಕೆ ತೆಗೆದುಕೊಂಡೆ. ಮುಂದಿನ ಪುಟ ಎಂದುಕೊಂಡು ಹಿಂದಿನ ಪುಟ ತಿರುವಿದೆ. ಅವರು ನಗಲಿಲ್ಲ, ನನ್ನ ಕೈಯಲ್ಲಿದ್ದ ಪುಸ್ತಕವನ್ನು ಮೆಲ್ಲಗೆ ತಿರುಗಿಸಿ ಕೊಟ್ಟರು. ಯಾರ ಪತ್ರಿಕೆ, ಯಾರು ಸಂಪಾದಕರು ಎಂದು ನಾನು ಕೇಳಲಿಲ್ಲ. ಕೇಳುವುದು ನನ್ನ ವೃತ್ತಿಯಾಗಿತ್ತು.

1994ರ ಕೊನೆ ಎಂದೆ. ಆ ವರ್ಷ ಬೆಂಗಳೂರಿನಲ್ಲಿ ಏನಾಯಿತು ಎಂಬುದನ್ನು ಬರೆಯದೆ ಈ ಲೇಖನ ಮುಂದೆ ಹೋಗಲಾರದು. ಅಕ್ಟೋಬರ್ 2ರಂದು ಬೆಂಗಳೂರು ದೂರದರ್ಶನ ಹತ್ತು ನಿಮಿಷಗಳ ಉರ್ದು ವಾರ್ತೆ ಶುರು ಮಾಡಿತು. ವಿಧಾನಸಭಾ ಚುನಾವಣೆ ಹತ್ತಿರವಿತ್ತು. ಪ್ರತಿಭಟನೆ ಎದ್ದಿತು, ವಾರ ಕಳೆಯುವುದರೊಳಗೆ ಅದು ಗಲಭೆಯಾಯಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ವಾರ್ತೆ ನಿಂತಿತು.

ಆ ದಿನಗಳಲ್ಲಿ ನಾನು ರಾತ್ರಿ ಪಾಳಿಯಲ್ಲಿದ್ದೆ. ಪೊಲೀಸ್ ಕಂಟ್ರೋಲ್ ರೂಮಿಗೆ ಫೋನು, ಆಸ್ಪತ್ರೆಗಳಿಗೆ ಫೋನು, ಏಜೆನ್ಸಿಯ ಸುದ್ದಿ, ಬೀದಿಯಿಂದ ಬಂದ ವರದಿಗಾರರ ಚೀಟಿ, ಎಲ್ಲ ಸೇರಿಸಿ ಒಂದು ವರದಿ ಮಾಡುವುದು ನನ್ನ ಕೆಲಸ. "ಪರಿಸ್ಥಿತಿ ಉದ್ವಿಗ್ನ, ಆದರೆ ನಿಯಂತ್ರಣದಲ್ಲಿದೆ" ಎಂಬ ವಾಕ್ಯವನ್ನು ಆ ವಾರ ಎಷ್ಟು ಸಲ ಬರೆದೆನೋ. ಕನ್ನಡ ಪತ್ರಿಕೆಗಳಲ್ಲಿ ಆ ವಾಕ್ಯ ಒಂದು ಸಿದ್ಧ ಅಚ್ಚು. ಸತ್ತವರ ಲೆಕ್ಕ ಏರುತ್ತಿದ್ದಂತೆ ಅಂಕಿ ತಿದ್ದುತ್ತಿದ್ದೆ, ಹೆಸರು ಹುಡುಕಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ತಲೆಬರಹದಲ್ಲಿತ್ತು. ಉರ್ದು ವಾರ್ತೆಯ ವಿರುದ್ಧ ಕನ್ನಡಿಗರ ಆಕ್ರೋಶ ಎಂಬ ಅರ್ಥದ ಶೀರ್ಷಿಕೆ ಕೊಟ್ಟವನು ನಾನು. ಮೇಲಿನವರು ಹೇಳಿ ಕೊಡಿಸಿದ್ದಲ್ಲ. ರಾತ್ರಿ ಹನ್ನೊಂದರ ಹೊತ್ತಿಗೆ ನನಗೇ ತೋಚಿದ್ದು, ನನಗೇ ಚೆನ್ನಾಗಿದೆ ಅನ್ನಿಸಿದ್ದು. ಚಾಚಾ ಹುಟ್ಟಿದ್ದು ಶಿವಾಜಿನಗರದಲ್ಲಿ, ಅವರ ತಂದೆ ಹುಟ್ಟಿದ್ದು ಕೋಲಾರದಲ್ಲಿ. ನನ್ನ ಜೊತೆ ಅವರು ಮಾತಾಡುತ್ತಿದ್ದದ್ದು ಕನ್ನಡ. ಆ ಒಂದು ಸಾಲಿನಲ್ಲಿ ನಾನು ಅವರನ್ನು ಕನ್ನಡಿಗರ ಪಟ್ಟಿಯಿಂದ ಹೊಡೆದುಹಾಕಿದ್ದೆ. ಆ ಹತ್ತು ನಿಮಿಷದಲ್ಲಿ ಓದಿದ ಸುದ್ದಿ ಏನಿತ್ತು ಎಂದು ನಾನು ಬರೆಯಲಿಲ್ಲ. ಕೇಳಿದ್ದರೂ ನನಗೆ ಪೂರ್ತಿ ಅರ್ಥವಾಗುತ್ತಿರಲಿಲ್ಲ.

ಗಲಭೆ ತಣ್ಣಗಾದ ಮೇಲೆ ಚಹಾದಂಗಡಿಗೆ ಹೋದೆ. ಚಾಚಾ ಆ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವರು ಕನ್ನಡ ಓದಬಲ್ಲವರು. ನನ್ನ ಪತ್ರಿಕೆ ಆ ಅಂಗಡಿಯ ಮೇಜಿನ ಮೇಲೆ ದಿನಾ ಬಿದ್ದಿರುತ್ತಿತ್ತು. ಅದಾಗಿ ಕೆಲವು ವಾರಕ್ಕೆ ಅವರು ಸಂಚಿಕೆಯನ್ನು ಕೊಟ್ಟರು. ಅದನ್ನು ಏಕೆ ಕೊಟ್ಟರು ಎಂದು ಆಗ ಯೋಚಿಸಲಿಲ್ಲ, ಈಗ ಅದೇ ಯೋಚನೆ.

ನಾನು ಕನ್ನಡದ ಅಭಿಮಾನಿ. 1982ರಲ್ಲಿ ಗೋಕಾಕ್ ಚಳವಳಿಯ ಮೆರವಣಿಗೆಯಲ್ಲಿ ಗಂಟಲು ಹರಿಯುವಂತೆ ಕೂಗಿದವನು. ಆ ಅಭಿಮಾನಕ್ಕೆ ಇವತ್ತೂ ನಾಚುವುದಿಲ್ಲ. ದಂಡಿನಲ್ಲಿ ಬೆಳೆದ ಕನ್ನಡದ ಹುಡುಗರಿಗೆ ಅದು ಬರಲು ಕಾರಣವೂ ಇತ್ತು. 1809ರಲ್ಲಿ ಬ್ರಿಟಿಷರು ಪಡೆಯನ್ನು ತಂದು ನಿಲ್ಲಿಸಿದ ಈ ಊರು 1947ರ ಜುಲೈವರೆಗೆ ಮೈಸೂರು ಸಂಸ್ಥಾನದ ಆಡಳಿತದಲ್ಲಿರಲಿಲ್ಲ. ಪೇಟೆಗೂ ದಂಡಿಗೂ ನಡುವೆ ಬರೀ ಕಬ್ಬನ್ ಪಾರ್ಕು, ಆದರೆ ಆಡಳಿತ ಬೇರೆ, ಪುರಸಭೆ ಬೇರೆ. ಎರಡೂ ಸೇರಿ ಒಂದು ನಗರಪಾಲಿಕೆ ಆದದ್ದು 1949ರಲ್ಲಿ. ನಮ್ಮ ತಂದೆ ಮಾಲೂರು ಕಡೆಯಿಂದ ಬಂದು ದೂರವಾಣಿನಗರದ ಐಟಿಐ ಕಾರ್ಖಾನೆಗೆ ಸೇರಿದವರು. ದಂಡಿನ ಅಂಗಡಿಯಲ್ಲಿ ಕನ್ನಡದಲ್ಲಿ ಸಾಮಾನು ಕೇಳಿದರೆ ತಲೆ ಎತ್ತಿ ನೋಡುತ್ತಿರಲಿಲ್ಲ ಎಂದು ಅವರು ಹೇಳುತ್ತಿದ್ದರು. ಆ ಮಾತು ಕೇಳಿ ಬೆಳೆದವನಿಗೆ ಕನ್ನಡದ ಒಂದೊಂದು ಬೋರ್ಡೂ ಗೆಲುವಿನ ಹಾಗೆ ಕಾಣುತ್ತಿತ್ತು.

ನಮ್ಮ ತಾಯಿಯದು ಬೇರೆ ದಾರಿ. ಹೂವಿನವಳ ಹತ್ತಿರ ತಮಿಳು, ಸೊಪ್ಪಿನವಳ ಹತ್ತಿರ ತೆಲುಗು, ಹಾಸಿಗೆ ಹತ್ತಿ ಹಿಂಜಲು ಬರುವ ಸಾಬರ ಹತ್ತಿರ "ಕೈಕು", "ನಕ್ಕೋ". ಯಾವುದೂ ವ್ಯಾಕರಣ ಶುದ್ಧವಲ್ಲ, ಎಲ್ಲವೂ ಕೆಲಸಕ್ಕೆ ಬರುವಷ್ಟು. ಆ ಬಾಯಿಮಾತು ನನಗೂ ಬಂತು. ಎಷ್ಟೋ ಸಲ ಲೇಖನಗಳಲ್ಲಿ ಇದನ್ನು ಹೆಮ್ಮೆಯಿಂದ ಬರೆದುಕೊಂಡಿದ್ದೇನೆ, ನಾವು ದಂಡಿನವರು, ನಾಲ್ಕು ಭಾಷೆ ನೀರು ಕುಡಿದಷ್ಟು ಸಲೀಸು ಎಂದು. ಈಗ ಹೇಳಬೇಕಾದ ನಿಜ ಬೇರೆ. ಆ ನಾಲ್ಕು ಭಾಷೆಯಲ್ಲಿ ಮೂರರಲ್ಲಿ ನಾನು ಚೌಕಾಶಿ ಮಾತ್ರ ಮಾಡಬಲ್ಲೆ, ಆಟೋಗೆ ದಾರಿ ಹೇಳಬಲ್ಲೆ, ಸುದ್ದಿ ಕೀಳಬಲ್ಲೆ. ಆ ಭಾಷೆಯವರು ರಾತ್ರಿ ಒಬ್ಬರೇ ಕೂತು ಏನು ಓದುತ್ತಾರೆ, ಏನು ಬರೆಯುತ್ತಾರೆ ಎಂಬುದು ನನ್ನ ಕುತೂಹಲದ ಒಳಗೆ ಬಂದೇ ಇರಲಿಲ್ಲ.

ಹಲಸೂರು ಬಜಾರಿನಲ್ಲಿ ಒಬ್ಬ ಟೈಲರ್ ಇದ್ದರು. ಎಲ್ಲರಿಗೂ ಅವರು ಮಾಸ್ಟರ್. ನನ್ನ ಸ್ಕೂಲಿನ ಚಡ್ಡಿಯಿಂದ ಮದುವೆಯ ಪ್ಯಾಂಟಿನವರೆಗೆ ಹೊಲಿದವರು. ಅವರ ಬೋರ್ಡಿನಲ್ಲಿ ಮೇಲೆ ತಮಿಳು, ಕೆಳಗೆ ಇಂಗ್ಲಿಷ್ ಇತ್ತು. 1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು, ಡಿಸೆಂಬರ್‌ನಲ್ಲಿ ಅದು ಕೇಂದ್ರದ ಗೆಜೆಟ್ಟಿನಲ್ಲಿ ಬಂತು, ಬೆಂಗಳೂರು ಹೊತ್ತಿಕೊಂಡಿತು. ಒಂದು ಬೆಳಗ್ಗೆ ಮಾಸ್ಟರ್ ಸ್ಟೂಲಿನ ಮೇಲೆ ನಿಂತು ತಮಿಳು ಸಾಲಿನ ಮೇಲೆ ಕಪ್ಪು ಬಣ್ಣ ಬಳಿಯುತ್ತಿದ್ದರು. ಬಣ್ಣ ಒಣಗಿದ ಮೇಲೆ ಅದರ ಮೇಲೆ ಕನ್ನಡದಲ್ಲಿ ಬರೆದರು. ನನ್ನನ್ನು ಕಂಡು, "ತಂಬಿ, ನೀನು ಪೇಪರಿನವನು. ಸರಿಯಾಗಿದೆಯಾ ನೋಡು," ಎಂದರು. ನಾನು ನೋಡಿದೆ. "ಒಂದು ಕಡೆ ದೀರ್ಘ ಬಿಟ್ಟುಹೋಗಿದೆ ಮಾಸ್ಟರ್," ಎಂದೆ. ಅವರು ಮತ್ತೆ ಸ್ಟೂಲು ಹತ್ತಿ ದೀರ್ಘ ಹಾಕಿದರು. ಕೈ ನಡುಗುತ್ತಿತ್ತು. ಅದನ್ನು ನಾನು ನೋಡಿದ್ದೆ.

ಅವತ್ತು ಸಂಜೆ ಕಚೇರಿಗೆ ಹೋಗಿ, ಹಲಸೂರಿನಲ್ಲಿ ಪರಿಸ್ಥಿತಿ ಶಾಂತವಾಗಿತ್ತು ಎಂದು ಒಂದು ಸಾಲು ಬರೆದೆ. ಸುಳ್ಳು ಬರೆದೆ ಎಂದು ಆಗ ಅನ್ನಿಸಲಿಲ್ಲ. ಕಲ್ಲು ಬಿದ್ದಿರಲಿಲ್ಲ, ಗುಂಡು ಹಾರಿರಲಿಲ್ಲ, ನಮ್ಮ ಲೆಕ್ಕದಲ್ಲಿ ಅದು ಶಾಂತಿ. ನಾನು ತಿದ್ದಿದ್ದು ದೀರ್ಘವನ್ನು, ನೋಡಬೇಕಿದ್ದದ್ದು ಕೈಯನ್ನು. ಕನ್ನಡದ ಬೋರ್ಡು ಬಂತಲ್ಲ ಎಂದು ಒಳಗೆ ಒಂದಿಷ್ಟು ಸಂತೋಷವೂ ಆಗಿತ್ತು. ಇದನ್ನು ನಾನು ಯಾರ ಹತ್ತಿರವೂ ಹೇಳಿರಲಿಲ್ಲ, ಹೆಂಡತಿಯ ಹತ್ತಿರವೂ. ಆ ವರ್ಷವೇ ಹಲಸೂರು ಕೆರೆಯ ಬಳಿ ಕೂರಿಸಿದ ತಿರುವಳ್ಳುವರ್ ಪ್ರತಿಮೆ ಬಟ್ಟೆ ಮುಚ್ಚಿಕೊಂಡೇ ಹದಿನೆಂಟು ವರ್ಷ ನಿಂತಿತು. 2009ರ ಆಗಸ್ಟ್ 9ರಂದು ಅನಾವರಣವಾದಾಗ, ನಾಲ್ಕು ದಿನ ಕಳೆದು ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆ ತೆರೆದಾಗ, ನಾನು ಉದ್ದನೆಯ ಲೇಖನ ಬರೆದೆ, ಚೆನ್ನಾಗಿದೆ ಎಂದು ಹೊಗಳಿಸಿಕೊಂಡೆ. ಮಾಸ್ಟರ್ ಅಷ್ಟರಲ್ಲಿ ತೀರಿಹೋಗಿದ್ದರು. ಲೇಖನದಲ್ಲಿ ಅವರ ಬೋರ್ಡಿನ ಸಂಗತಿ ಇರಲಿಲ್ಲ.

ಮತ್ತೆ ಟ್ರಂಕಿಗೆ ಬರುತ್ತೇನೆ. ಸಂಚಿಕೆಯನ್ನು ಕೈಯಲ್ಲಿ ಹಿಡಿದು ಕೂತವನಿಗೆ, ಇದನ್ನು ಬೇರೆಯವರಿಂದ ಓದಿಸಬಾರದು, ನಾನೇ ಓದಬೇಕು ಅನ್ನಿಸಿತು. ಅರವತ್ತಾರರ ವಯಸ್ಸಿನಲ್ಲಿ ಅಲಿಫ್, ಬೇ ಹಿಡಿದೆ. ಹಳೆಯ ಸ್ನೇಹಿತರೊಬ್ಬರ ಮೂಲಕ ಫ್ರೇಜರ್ ಟೌನಿನಲ್ಲಿ ಒಬ್ಬ ನಿವೃತ್ತ ಉರ್ದು ಶಾಲಾ ಶಿಕ್ಷಕಿ ಸಿಕ್ಕರು. ನನಗಿಂತ ಹಿರಿಯರು, ಆಪಾ ಎನ್ನುತ್ತೇನೆ. ವಾರಕ್ಕೆರಡು ದಿನ ಕೆ.ಆರ್. ಪುರದಿಂದ ಮೆಟ್ರೊ ಹತ್ತಿ ಹೋಗುತ್ತೇನೆ. ರೈಲು ಇಂದಿರಾನಗರ ದಾಟಿ ಹಲಸೂರಿಗೆ ಬರುತ್ತದೆ, ನಾನು ಎಂ.ಜಿ. ರಸ್ತೆಯಲ್ಲಿ ಇಳಿದು ಆಟೋ ಹಿಡಿಯುತ್ತೇನೆ. ಒಂದನೇ ತರಗತಿಯ ‘ಕಾಯಿದಾ’ ಎಂಬ ಅಕ್ಷರಮಾಲೆ ಪುಸ್ತಕ, ಪೆನ್ಸಿಲು, ಗೆರೆ ಎಳೆದ ನೋಟುಬುಕ್ಕು. ಕನ್ನಡದಲ್ಲಿ ನಾವು ಒಂದೇ ‘ಜ’ಕ್ಕೆ ಚುಕ್ಕೆ ಇಟ್ಟು ಬರೆಯುವ ಸದ್ದಿಗೆ ಅಲ್ಲಿ ನಾಲ್ಕು ಅಕ್ಷರ. ಯಾವ ಪದಕ್ಕೆ ಯಾವುದು ಎಂಬುದು ಬಾಯಿಪಾಠದಿಂದಲೇ ಬರಬೇಕು. ಅಕ್ಷರ ಪದದ ಮೊದಲಲ್ಲಿದ್ದರೆ ಒಂದು ರೂಪ, ನಡುವೆ ಬಂದರೆ ಇನ್ನೊಂದು, ಕೊನೆಗೆ ಮತ್ತೊಂದು. ಮೊದಲ ತಿಂಗಳು ಬಿಟ್ಟುಬಿಡೋಣ ಅನ್ನಿಸಿತ್ತು. ಆಪಾ, "ನಿಮ್ಮ ಒತ್ತಕ್ಷರ ಕಲಿಯೋವಾಗ ನಾನೂ ಅತ್ತಿದ್ದೀನಿ," ಎಂದರು. ಅವರು ಅಷ್ಟು ವರ್ಷದ ಹಿಂದೆ ಕನ್ನಡ ಕಲಿತು ಪರೀಕ್ಷೆ ಪಾಸು ಮಾಡಿದ್ದರು. ಆಕೆಗೆ ಅದು ಕಡ್ಡಾಯವಾಗಿತ್ತು. ನನಗೆ ಯಾರೂ ಕಡ್ಡಾಯ ಮಾಡಿರಲಿಲ್ಲ.

ಮೂರನೇ ತಿಂಗಳಲ್ಲಿ ಆಪಾ ಆ ಸಂಚಿಕೆಯನ್ನು ನನ್ನ ಮುಂದಿಟ್ಟು, "ಹೊರಪುಟ ಓದಿ" ಎಂದರು. ಸೀನ್, ವಾವ್, ಗೈನ್, ಅಲಿಫ್, ತೇ. ಸೌಗಾತ್. ಪ್ರಯಾಣದಿಂದ ಮರಳುವವರು ಮನೆಯವರಿಗೆ ತರುವ ಕಾಣಿಕೆಗೆ ಈ ಹೆಸರು. ಒಳಗೆ ಸಂಪಾದಕರ ಹೆಸರು. ಬೆರಳಿಟ್ಟು ಓದಿದೆ. ಮೀಮ್, ಹೇ, ಮೀಮ್. ಇಲ್ಲಿಗೇ ನಾನು "ಮೊಹಮದ್" ಎಂದುಬಿಟ್ಟೆ. ಆಪಾ ತಲೆ ಆಡಿಸಿದರು. "ಪೂರ್ತಿ ನೋಡಿ. ಮಧ್ಯೆ ವಾವ್ ಇದೆ. ಮೀಮ್, ಹೇ, ಮೀಮ್, ದಾಲ್ ಇದ್ದರೆ ಮುಹಮ್ಮದ್. ಕೊನೇ ದಾಲ್‌ಗೆ ಮೊದಲು ವಾವ್ ಬಂದರೆ ಮಹಮೂದ್. ಇದು ಮಹಮೂದ್ ಅಯಾಜ್." ಘಜ್ನಿಯ ಸುಲ್ತಾನ ಮಹಮೂದ್, ಅವನ ಪ್ರೀತಿಯ ದಾಸ ಅಯಾಜ್, ಪಾರ್ಸಿ ಉರ್ದು ಕಾವ್ಯಗಳಲ್ಲಿ ನೂರಾರು ವರ್ಷಗಳಿಂದ ಬರುವ ಜೋಡಿ, ಇಬ್ಬರೂ ಒಂದೇ ಹೆಸರಲ್ಲಿ ಕೂತಿದ್ದಾರೆ ನೋಡಿ ಎಂದೂ ಹೇಳಿದರು. ನನಗೆ ಅದು ಕೇಳಿಸುತ್ತಿರಲಿಲ್ಲ. ಆ ತಪ್ಪು ನನ್ನ ನಾಲಿಗೆಗೆ ಹೊಸದಲ್ಲ ಎಂದು ಆ ಗಳಿಗೆಯಲ್ಲಿ ಗೊತ್ತಾಗಿತ್ತು.

1997ರ ಒಂದು ರಾತ್ರಿ ಫ್ಯಾಕ್ಸಿನಲ್ಲಿ ಇಂಗ್ಲಿಷಿನ ಒಂದು ಟಿಪ್ಪಣಿ ಬಂದಿತ್ತು, ಒಂದು ಪುಟ ತುಂಬ. ನಗರದ ಹಿರಿಯ ಉರ್ದು ಪತ್ರಕರ್ತರೊಬ್ಬರ ನಿಧನ. ಡೆಸ್ಕಿನಲ್ಲಿ ನಾನಿದ್ದೆ. ನಾಲ್ಕು ಸಾಲಿಗೆ ಇಳಿಸಿ ಒಳಪುಟದ ನಿಧನ ವಾರ್ತೆಯ ಅಂಕಣಕ್ಕೆ ಕಳಿಸಿದೆ. ಆಪಾ ಮನೆಯಿಂದ ಬಂದವನು ಹಳೆಯ ಸಂಪುಟಗಳನ್ನು ತೆಗೆಸಿ ಹುಡುಕಿದೆ. ಸಿಕ್ಕಿತು. ಉರ್ದು ಪತ್ರಕರ್ತ ಮೊಹಮದ್ ಅಯಾಜ್ ಎಂದಿತ್ತು. ಕವಿ ಎಂಬ ಮಾತಿಲ್ಲ. ಸೌಗಾತ್ ಎಂಬ ಹೆಸರಿಲ್ಲ. ಮೂರು ವರ್ಷದಿಂದ ಅವರ ಪತ್ರಿಕೆ ನನ್ನ ಟ್ರಂಕಿನಲ್ಲೇ ಇತ್ತು. ಜಾಗ ಇರಲಿಲ್ಲ ಎಂಬುದು ನಮ್ಮ ವೃತ್ತಿಯ ಎಲ್ಲ ಕಾಲದ ಸಮಜಾಯಿಷಿ. ಅವತ್ತಿನ ಅದೇ ಪುಟದಲ್ಲಿ ಜಾಗ ಏನೇನಕ್ಕೆ ಸಿಕ್ಕಿತ್ತು ಎಂದು ನಾನೇ ನೋಡಿದೆ. ಇಲ್ಲಿ ಅದನ್ನು ಬರೆಯಲು ಮನಸ್ಸಾಗದು.

ಆ ನಾಲ್ಕು ಸಾಲಿನಲ್ಲಿ ಇರಬೇಕಾಗಿದ್ದದ್ದು ಏನು? ಮಹಮೂದ್ ಅಯಾಜ್ 1929ರಲ್ಲಿ ಹುಟ್ಟಿದವರು. ಮೂವತ್ತು ತುಂಬುವ ಹೊತ್ತಿಗೆ, 1959ರಲ್ಲಿ, ಬೆಂಗಳೂರಿನಿಂದ ಸೌಗಾತ್ ಶುರು ಮಾಡಿದರು. ಉರ್ದು ಸಾಹಿತ್ಯದ ದೊಡ್ಡ ಕೇಂದ್ರಗಳು ದೆಹಲಿ, ಲಖನೌ, ಹೈದರಾಬಾದ್, ಲಾಹೋರ್. ಅವೆಲ್ಲಕ್ಕೂ ದೂರದ, ಕನ್ನಡ ನಾಡಿನ ಒಂದು ಊರಿನಲ್ಲಿ ಕೂತು ಅವರು ಆಧುನಿಕ ಉರ್ದು ಕವಿತೆಯ ಮೇಲೆ ತಂದ ವಿಶೇಷ ಸಂಚಿಕೆಯನ್ನು ಉರ್ದು ವಿಮರ್ಶಕರು ಇಂದಿಗೂ ನೆನೆಯುತ್ತಾರೆ. ಪತ್ರಿಕೆ ನಿಂತಿತು, ಮತ್ತೆ ಹೊರಟಿತು, ಮತ್ತೆ ನಿಂತಿತು. 1990ರ ದಶಕದಲ್ಲಿ ಕೊನೆಯ ಸಲ ಎದ್ದು ಅವರ ಕೊನೆಯ ವರ್ಷಗಳವರೆಗೂ ನಡೆಯಿತು. ಕವಿ ಅಖ್ತರುಲ್ ಈಮಾನ್ ಅವರ ಆತ್ಮಕಥೆ ಪುಸ್ತಕವಾಗುವ ಮೊದಲು ಕಂತುಕಂತಾಗಿ ಬಂದದ್ದು ಈ ಬೆಂಗಳೂರಿನ ಪತ್ರಿಕೆಯಲ್ಲಿ. ಇಷ್ಟರ ಜೊತೆಗೆ ದಿನಪತ್ರಿಕೆಯ ಕೆಲಸ. 1964ರಲ್ಲಿ ಹುಟ್ಟಿದ ‘ಸಾಲಾರ್’ ಪತ್ರಿಕೆಯ ಸಂಪಾದಕರಾಗಿದ್ದವರು ಅವರೇ. ಒಂದು ಕೈಯಲ್ಲಿ ಪ್ರತಿ ರಾತ್ರಿಯ ಸುದ್ದಿ, ಇನ್ನೊಂದು ಕೈಯಲ್ಲಿ ವರ್ಷಗಟ್ಟಲೆ ಉಳಿಯುವ ಕವಿತೆ. ನಾನು ಮೊದಲನೆಯದನ್ನು ಮಾತ್ರ ಬಲ್ಲವನು. ಅದು ಒಬ್ಬ ಮನುಷ್ಯನನ್ನು ಎಷ್ಟು ಹಿಂಡುತ್ತದೆ ಎಂದು ಬಲ್ಲೆ. ಅದರ ನಡುವೆ ಎರಡನೆಯದನ್ನು ಮಾಡಿದವರ ಮುಂದೆ ನನ್ನ ತಲೆ ತಾನಾಗಿ ಬಾಗುತ್ತದೆ.

ಕಾಲವನ್ನು ಸ್ವಲ್ಪ ಗಮನಿಸಿ. ಸೌಗಾತ್ ಹೊಸ ಉರ್ದು ಕವಿತೆಗೆ ಮನೆಯಾದ 1960ರ ದಶಕದಲ್ಲೇ ಕನ್ನಡದಲ್ಲಿ ನವ್ಯ ಉಕ್ಕುತ್ತಿತ್ತು, ಗೋಪಾಲಕೃಷ್ಣ ಅಡಿಗರು ‘ಸಾಕ್ಷಿ’ ನಡೆಸುತ್ತಿದ್ದರು. ಒಂದೇ ರಾಜ್ಯ, ಒಂದೇ ಕಾಲ, ಹೆಚ್ಚೂಕಡಿಮೆ ಒಂದೇ ತಳಮಳ. ಹಳೆಯ ಛಂದಸ್ಸು ಸಾಲದು, ಹಳೆಯ ಭಾವುಕತೆ ಸಾಲದು, ನಗರದಲ್ಲಿ ಒಂಟಿಯಾದವನ ಮಾತು ಬೇಕು ಎಂಬ ಹಂಬಲ ಎರಡೂ ಕಡೆ. ಇವೆರಡರ ನಡುವೆ ಒಂದು ಸೇತುವೆ ಹಾಕುವ ಕೆಲಸ ಯಾರದು? ವಿದ್ವಾಂಸರದೂ ಹೌದು, ನಮ್ಮದೂ ಹೌದು. ಎರಡೂ ಬೀದಿಗಳಲ್ಲಿ ದಿನಾ ಓಡಾಡಲು ಸಂಬಳ ಪಡೆಯುತ್ತಿದ್ದವರು ಪತ್ರಕರ್ತರು.

ದಂಡಿನ ಪತ್ರಿಕೋದ್ಯಮ ಎಂದರೆ ನನಗೆ ಇಂಗ್ಲಿಷ್ ಆಗಿತ್ತು. 1948ರಲ್ಲಿ ಡೆಕ್ಕನ್ ಹೆರಾಲ್ಡ್ ಶುರುವಾದಾಗ ಮೊದಲ ಸಂಪಾದಕರಾಗಿ ಬಂದ ಪೋತನ್ ಜೋಸೆಫ್ ಅವರ ಕಥೆಗಳನ್ನು ಹಿರಿಯರಿಂದ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದೆ. ಅದು ತಪ್ಪಲ್ಲ, ಅವರು ದೊಡ್ಡ ಪತ್ರಕರ್ತರು. ತಪ್ಪು ಇನ್ನೊಂದು ಕಡೆ ಇದೆ. ವಿನ್‌ಸ್ಟನ್ ಚರ್ಚಿಲ್ 1896ರಲ್ಲಿ ಸೈನ್ಯದ ಕಿರಿಯ ಅಧಿಕಾರಿಯಾಗಿ ಈ ದಂಡಿಗೆ ಬಂದಿದ್ದರು, ಬೆಂಗಳೂರು ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದರು, 1899ರ ಲೆಕ್ಕದ ಪುಸ್ತಕದಲ್ಲಿ ಅದು ಇನ್ನೂ ಇದೆ. ಈ 13 ರೂಪಾಯಿಯ ಬಗ್ಗೆ ನಾನು ನನ್ನ ವೃತ್ತಿಜೀವನದಲ್ಲಿ ನಾಲ್ಕು ಸಲ ಬರೆದಿದ್ದೇನೆ, ಪ್ರತಿ ಸಲವೂ ಫೋಟೊ ಸಮೇತ, ಅರ್ಧ ಪುಟ. ಆ ಕ್ಲಬ್ಬಿನಿಂದ ಶಿವಾಜಿನಗರಕ್ಕೆ ನಡೆದೇ ಹೋಗಬಹುದು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಎಷ್ಟೋ ಜನರಿಗೆ ಅನ್ವಯಿಸಿ ಬರೆದವನು, ಅದು ನನ್ನ ಬಗ್ಗೆಯೇ ಎಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಉರ್ದು ಪರಕೀಯ ಎಂದು ನಂಬಿದ್ದೆನೇ? ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ. ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಷಾ ದಖನಿಯಲ್ಲಿ ‘ಕಿತಾಬ್-ಎ-ನವರಸ್’ ಬರೆದ, ಅದರಲ್ಲಿ ಸರಸ್ವತಿಯನ್ನೂ ನೆನೆದ ಎಂದು ಭಾಷಣದಲ್ಲಿ ಹೇಳಿ ಚಪ್ಪಾಳೆ ತೆಗೆದುಕೊಂಡಿದ್ದೇನೆ. ನಾನೂರು ವರ್ಷದ ಹಿಂದಿನ ಸುಲ್ತಾನನನ್ನು ನಮ್ಮವನೆನ್ನುವುದು ಸುಲಭವಾಗಿತ್ತು. ಎದುರು ಬೆಂಚಿನಲ್ಲಿ ಚಹಾ ಕುಡಿಯುತ್ತಿದ್ದ ಕಾತಿಬರು ಬರೆದದ್ದೇನು ಎಂದು ಕೇಳಲು ಆಗಲಿಲ್ಲ. 1994ರಲ್ಲಿ ನನ್ನಂಥ ಹತ್ತು ಜನ ಕನ್ನಡ ಪತ್ರಕರ್ತರಿಗೆ ಉರ್ದು ಓದಲು ಬಂದಿದ್ದರೆ ಗಲಭೆ ಆಗುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಅಷ್ಟು ಶಕ್ತಿ ನಮಗಿರಲಿಲ್ಲ. ಆದರೆ ಆ ಶೀರ್ಷಿಕೆ ನನ್ನ ಕೈಯಿಂದ ಬರುತ್ತಿರಲಿಲ್ಲ. ಅಷ್ಟನ್ನು ಖಂಡಿತವಾಗಿ ಹೇಳಬಲ್ಲೆ.

ಚಾಚಾ ಎಲ್ಲಿದ್ದಾರೆ ಎಂದು ಹುಡುಕಿದೆ. ಚಹಾದಂಗಡಿ ಇದ್ದ ಜಾಗದಲ್ಲಿ ಮೊಬೈಲ್ ಕವರಿನ ಅಂಗಡಿ ಬಂದಿದೆ. ಅವರ ಮಗ ಸಿಕ್ಕರು. ತಂದೆ ತೀರಿಕೊಂಡು ಹನ್ನೆರಡು ವರ್ಷವಾಯಿತು ಎಂದರು. ಕೆಲಸ ಹೋದ ಮೇಲೆ ಮದುವೆ ಪತ್ರಿಕೆಗಳಿಗೆ ಅಕ್ಷರ ಬರೆದುಕೊಡುತ್ತಿದ್ದರಂತೆ. ನಾನು ಸೌಗಾತ್ ಸಂಚಿಕೆಯನ್ನು ತೋರಿಸಿದೆ, ನಿಮ್ಮ ತಂದೆ ಕೊಟ್ಟದ್ದು ಎಂದೆ. ಅವರು ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ಅಬ್ಬಾ ಹತ್ತಿರ ಇವು ಒಂದು ಗೋಣಿಚೀಲ ಇದ್ವು ಸಾರ್. ಮನೆ ಖಾಲಿ ಮಾಡೋವಾಗ ಗುಜರಿಗೆ ಹಾಕ್ಬಿಟ್ವಿ. ನಂಗೂ ಓದಕ್ಕೆ ಬರಲ್ಲ," ಎಂದರು. ಅವರು ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ.

ಈಗ ನಾನು ಸೌಗಾತ್‌ನ ಒಂದು ಪುಟ ಓದಲು ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತೇನೆ, ನಿಘಂಟು ಪಕ್ಕದಲ್ಲೇ ಇರಬೇಕು. ಅನುವಾದ ಮಾಡುವ ಯೋಗ್ಯತೆ ನನಗೆ ಬರುವ ಹೊತ್ತಿಗೆ ವಯಸ್ಸು ಕಾಯಲಾರದು. ಆದ್ದರಿಂದ ಎರಡು ಕೋರಿಕೆ. ಕನ್ನಡ, ಉರ್ದು ಎರಡನ್ನೂ ಚೆನ್ನಾಗಿ ಬಲ್ಲ ಕಿರಿಯರು ನಮ್ಮ ನಾಡಿನಲ್ಲಿ ಬೇಕಾದಷ್ಟು ಇದ್ದೀರಿ. ಮಹಮೂದ್ ಅಯಾಜ್ ಅವರ ಕವಿತೆಗಳನ್ನೂ ಸಂಪಾದಕೀಯ ಬರಹಗಳನ್ನೂ ಕನ್ನಡಕ್ಕೆ ತನ್ನಿ. ಇನ್ನೊಂದು, ಶಿವಾಜಿನಗರ, ಟ್ಯಾನರಿ ರಸ್ತೆ, ಹಲಸೂರು, ಕಾಕ್ಸ್ ಟೌನ್ ಕಡೆಯ ಮನೆಗಳವರಲ್ಲಿ. ನಿಮ್ಮ ಅಟ್ಟದ ಮೇಲೆ, ಅಜ್ಜನ ಪೆಟ್ಟಿಗೆಯಲ್ಲಿ, ನಿಮಗೆ ಓದಲು ಬಾರದ ಹಳೆಯ ಪತ್ರಿಕೆಗಳು ಯಾವ ಭಾಷೆಯಲ್ಲೇ ಇರಲಿ, ಗುಜರಿಯವನನ್ನು ಕರೆಯುವ ಮೊದಲು ಆ ಭಾಷೆ ಬಲ್ಲ ಒಬ್ಬರಿಗೆ ಒಮ್ಮೆ ತೋರಿಸಿ.